ಅರ್ಧ ಇಳಿಸಿದ ಶಟರ್

ಬಸವಲಿಂಗಪ್ಪ ಆ ಬೆಳಿಗ್ಗೆ ತನ್ನ ಅಂಗಡಿಯ ಶಟರನ್ನು ಅರ್ಧಕ್ಕೆ ಎಳೆದದ್ದು ಕದ್ದು ಗಂಜಿ ಕುಡಿಯುವುದಕ್ಕೆ. ಅದರ ಹೊರತು ಅವನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಇದನ್ನು ಅವನು ಆಮೇಲೆ ಎಷ್ಟು ಜನರ ಮುಂದೆ ಹೇಳಿದರೂ ಕೆಲವರು ಇಂದಿಗೂ ನಂಬುವುದಿಲ್ಲ.

ಬೈಲಹೊಂಗಲದ ಪೇಟೆ ಓಣಿಯಲ್ಲಿ ಅವನದು ಭಾಂಡೆ ಅಂಗಡಿ. ಹಂಡೆ, ಕೊಡ, ಬೋಗುಣಿ, ತಂಬಿಗೆಗಳ ನಡುವೆ ಗಾದಿಯ ಮೇಲೆ ಅವನು ಕೂತರೆ, ಹೊಸ ಗಿರಾಕಿಗೆ ಇದೂ ಒಂದು ಮಾರಲಿಟ್ಟ ಕೊಡವೇ ಅನ್ನಿಸುವಂತಿದ್ದ. ಆ ಹೊಟ್ಟೆ ಕಟ್ಟಿದ್ದು ಓಣಿಯ ಮೂಲೆಯ ನೀಲಪ್ಪ. ಇಪ್ಪತ್ತು ವರ್ಷ ಸಂಜೆ ದೀಪ ಹಚ್ಚುವ ಹೊತ್ತಿಗೆ ನೀಲಪ್ಪನ ಬಾಣಲೆಯಿಂದ ಬಿಸಿ ಬಿಸಿ ಮಿರ್ಚಿ ಭಜಿ ಮೇಲೆದ್ದು ಬರುವುದೂ ಬಸವಲಿಂಗಪ್ಪ ಗಾದಿಯಿಂದ ಎದ್ದು ಬರುವುದೂ ಒಂದೇ ಗಳಿಗೆಗೆ ನಡೆಯುತ್ತಿತ್ತು.

ಎರಡು ತಿಂಗಳ ಹಿಂದೆ ಅಟ್ಟದಿಂದ ತಾಮ್ರದ ಹಂಡೆ ಇಳಿಸುವಾಗ ಅವನಿಗೆ ದಮ್ಮು ಕಟ್ಟಿತು. ಹೆಂಡತಿ ನಾಗರತ್ನಾ ಮರುದಿನವೇ ಬೆಳಗಾವಿಯ ಡಾಕ್ಟರರ ಮುಂದೆ ಕೂಡಿಸಿದಳು. ಅವರು ರಕ್ತ ತೆಗೆಸಿ ನೋಡಿ, "ಕೊಲೆಸ್ಟ್ರಾಲು ಇನ್ನೂರಾ ನಲವತ್ತ ಐತ್ರಿ. ಹೃದಯಕ್ಕ ಇನ್ನೂ ಏನೂ ಆಗಿಲ್ಲ. ಆಗಬಾರದು ಅಂದ್ರ ಕರದದ್ದು ಬಿಡ್ರಿ, ದಿನಾ ಅಡ್ಡಾಡ್ರಿ, ಮುಂಜಾನೆ ಓಟ್ಸ್ ತಿನ್ರಿ" ಅಂದರು.

"ಅದೇನ್ ಮಾಡತೈತ್ರಿ?"

"ಅದರಾಗ ಒಂದ ನಮೂನಿ ಅಂಟಿನಂಥಾ ನಾರು ಇರತೈತಿ. ಹೊಟ್ಟ್ಯಾಗ ಹೋಗಿ ಜಿಡ್ಡು ಹಿಡಕೊಂಡು ಹೊರಗ ಹೋಗತೈತಿ."

ಬಸವಲಿಂಗಪ್ಪ ತನ್ನ ಕಸುಬಿನಿಂದಲೇ ಅದನ್ನು ಅರ್ಥ ಮಾಡಿಕೊಂಡ. "ಅಂದ್ರ ಜಿಡ್ಡ ಹತ್ತಿದ ಬೋಗುಣಿಗೆ ಬೂದಿ ಹಾಕಿ ತಿಕ್ಕಿದಂಗ?"

"ಹಂಗ ಅನಕೋರಿ. ಆದ್ರ ಒಂದ ದಿನಾ ತಿಕ್ಕಿ ಬಿಟ್ರ ಆಗೂದಿಲ್ಲ."

ಬರುವಾಗ ಬಸ್ಸಿನಲ್ಲಿ ಗಂಡಹೆಂಡಿರ ನಡುವೆ ಒಂದು ಕರಾರಾಯಿತು. ಎರಡು ತಿಂಗಳಲ್ಲಿ ನಂಬರು ಇನ್ನೂರರ ಕೆಳಗೆ ಬಂದರೆ ವಾರಕ್ಕೊಮ್ಮೆ ಒಂದು ತಾಟು ಮಿರ್ಚಿ. ಬರದಿದ್ದರೆ? "ಆ ಮೂಲಿ ಹಾಯೂದು ಸೈತ ಬಂದ್" ಎಂದಳು ನಾಗರತ್ನಾ. ಆಕೆ ಆಡಿದ ಮಾತು ಬೀಡು ಕಬ್ಬಿಣದ್ದು, ಬಡಿದರೆ ಬಾಗುವಂಥದ್ದಲ್ಲ.

ಅಂದಿನಿಂದ ಅವನು ಸಂಜೆ ಮನೆಗೆ ಹೋಗುವಾಗ ನೀಲಪ್ಪನ ಮೂಲೆ ಬಿಟ್ಟು ಹತ್ತಿ ಮಿಲ್ಲನ್ನು ಸುತ್ತಿಕೊಂಡು ಹೋಗತೊಡಗಿದ. ಡಾಕ್ಟರು ಹೇಳಿದ ನಡಿಗೆ ಹೀಗೆ ತಾನಾಗಿಯೇ ಆಯಿತು.

ಓಟ್ಸ್ ಗಂಜಿಯದೇ ತಾಪತ್ರಯ. ಮೊದಲ ದಿನ ಅಂಗಡಿಯಲ್ಲಿ ಡಬ್ಬಿ ಬಿಚ್ಚಿದಾಗ ಎದುರು ಅಂಗಡಿಯ ಟೇಲರ್ ಬುರಾನಸಾಬ ಕೊರಳಲ್ಲಿ ಟೇಪು ನೇತಾಡಿಸಿಕೊಂಡು ಬಂದು ಬಗ್ಗಿ ನೋಡಿದ.

"ಬಸಣ್ಣಾ, ಇದನ್ನ ಕುಡೀತೀಯೋ, ಧೋತರಕ್ಕ ಹಾಕ್ತೀಯೋ?"

ಮರುದಿನ ಪಕ್ಕದ ಅರಿವೆ ಅಂಗಡಿಯ ಸೋಮಪ್ಪ ಬಂದ. ಅವನು ಓಣಿಯ ಹಿರಿಯ, ವ್ಯಾಪಾರಸ್ಥರ ಸಂಘದ ಅಧ್ಯಕ್ಷ. ಗಂಭೀರವಾಗಿ ಡಬ್ಬಿಯ ವಾಸನೆ ನೋಡಿ, "ಬಾಣಂತ್ಯಾರ ಊಟಾ ಇದಕ್ಕಿಂತ ಛಲೋ ಇರತೈತಲ್ಲೋ. ಅವರಿಗರೆ ತುಪ್ಪಾ ಹಾಕ್ತಾರ" ಅಂದ. ಅಲ್ಲಿಂದ ಮುಂದೆ ಬಸವಲಿಂಗಪ್ಪ ಮನೆಯಲ್ಲೇ ಕುಡಿದು ಬರುತ್ತಿದ್ದ.

ಆದರೆ ಈ ದಿನ ಹಾಗಾಗುವಂತಿರಲಿಲ್ಲ. ಎರಡು ತಿಂಗಳು ಮುಗಿದಿತ್ತು. ಖಾಲಿ ಹೊಟ್ಟೆಯಲ್ಲಿ ಬಸ್‌ಸ್ಟ್ಯಾಂಡ್ ಹತ್ತಿರದ ಲ್ಯಾಬಿನಲ್ಲಿ ರಕ್ತ ಕೊಟ್ಟು, ಸಂಜೆಗೆ ರಿಪೋರ್ಟು ಕೊಡುತ್ತೇವೆಂಬ ಮಾತು ಪಡೆದು, ಅವನು ನೇರ ಅಂಗಡಿಗೆ ಬಂದಿದ್ದ. ಸಂತೆಯ ದಿನವಾದ್ದರಿಂದ ತಡಮಾಡುವಂತಿರಲಿಲ್ಲ. ನಾಗರತ್ನಾ ಕಟ್ಟಿಕೊಟ್ಟ ಡಬ್ಬಿ ಮುಂದಿತ್ತು. ಎದುರಿಗೆ ಬುರಾನಸಾಬ ಆಗಲೇ ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದ.

ಬಸವಲಿಂಗಪ್ಪ ಎದ್ದು ಶಟರನ್ನು ಅರ್ಧಕ್ಕೆ ಎಳೆದ. ಹಂಡೆಗಳ ಮರೆಯಲ್ಲಿ ಕೂತು ನೆಮ್ಮದಿಯಿಂದ ನಾಲ್ಕು ಚಮಚ ಕುಡಿದಿದ್ದನೋ ಇಲ್ಲವೋ, ಹಿತ್ತಲ ಬಾಗಿಲಲ್ಲಿ ಟ್ರ್ಯಾಕ್ಟರ್ ಗುಡುಗುಡು ಅಂದಿತು. ದೊಡವಾಡದ ಗೌಡರು ಮಗಳ ಮದುವೆಯ ಭಾಂಡೆ ಆರಿಸಲು ಮನೆಮಂದಿಯನ್ನೆಲ್ಲ ಹೇರಿಕೊಂಡು ಬಂದಿದ್ದರು. ಇಂಥ ಗಿರಾಕಿ ವರ್ಷಕ್ಕೊಮ್ಮೆ ಸಿಗುವುದು. ಬಸವಲಿಂಗಪ್ಪ ಡಬ್ಬಿಯನ್ನು ಅಲ್ಲೇ ಬಿಟ್ಟ, ಕಣ್ಣಿನ ಚಾಳೀಸನ್ನು ಗಾದಿಯ ಮೇಲೆ ಬಿಟ್ಟ, ಚಪ್ಪಲಿಯನ್ನು ಮುಂಬಾಗಿಲಲ್ಲಿ ಬಿಟ್ಟ. ಬರಿಗಾಲಲ್ಲಿ ಹಿತ್ತಲಿಂದ ಹಾರಿ, ಗೌಡರನ್ನು ಹಿಂದಿನ ಸಂದಿಯ ಗೋದಾಮಿಗೆ ಕರೆದೊಯ್ದ. ಶಟರು ಅರ್ಧಕ್ಕೇ ನಿಂತಿತು.

ಆ ಓಣಿಯಲ್ಲಿ ಒಂದು ರಿವಾಜು. ಊರಿನ ವ್ಯಾಪಾರಸ್ಥರಲ್ಲಿ ಯಾರಾದರೂ ತೀರಿಕೊಂಡರೆ ಎಲ್ಲರೂ ಶಟರು ಅರ್ಧ ಇಳಿಸಬೇಕು. ಒಬ್ಬನದು ಇಳಿದದ್ದು ಕಂಡ ಮೇಲೆ ಬಾಗಿಲಲ್ಲಿ ನಿಂತು "ಯಾರು ಸತ್ರು?" ಎಂದು ಒದರುವುದು ಅಮರ್ಯಾದೆ. ಮೊದಲು ತನ್ನದನ್ನು ಇಳಿಸಬೇಕು, ಆಮೇಲೆ ಮೆಲ್ಲಗೆ ಹೋಗಿ ವಿಚಾರಿಸಬೇಕು.

ಬುರಾನಸಾಬ ಮರ್ಯಾದಸ್ಥ. ಬಸಣ್ಣನ ಶಟರು ಇಳಿದದ್ದು ಕಂಡದ್ದೇ ಮಷಿನ್ನಿನಿಂದ ಕಾಲು ತೆಗೆದು ತನ್ನದನ್ನು ಇಳಿಸಿದ. ಅವನದನ್ನು ನೋಡಿ ಸೋಮಪ್ಪ ಇಳಿಸಿದ. ಸೋಮಪ್ಪನೇ ಇಳಿಸಿದ ಮೇಲೆ ಮಿಕ್ಕವರದೇನು? ಕಿರಾಣಿ, ಬಳೆ, ಬೀಜ ಗೊಬ್ಬರ, ಎಲ್ಲ ಶಟರುಗಳೂ ಗರಗರ ಅರ್ಧಕ್ಕಿಳಿದವು. ಸಂತೆಗೆ ಬಂದ ಹಳ್ಳಿಯ ಜನ ಬಾಗಿ ಬಾಗಿ ಒಳಗೆ ಇಣುಕಿ ಹಿಂದೆ ಸರಿದರು. ಓಣಿಯೇ ಕಣ್ಣು ಅರ್ಧ ಮುಚ್ಚಿ ತೂಕಡಿಸುತ್ತಿರುವಂತೆ ಕಂಡಿತು.

ವಿಚಾರಿಸಲು ಎಲ್ಲರೂ ಸೋಮಪ್ಪನ ಅಂಗಡಿಯಲ್ಲಿ ಕೂಡಿದರು. ನೀಲಪ್ಪನೂ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದ.

"ಯಾರ್ರೀ, ಸೋಮಪ್ಪನವರ?"

"ನನ್ನೇನ್ ಕೇಳ್ತೀರಿ? ನಾ ಸಾಬರದು ನೋಡಿ ಇಳಿಸೇನಿ."

"ನಾ ಬಸಣ್ಣಂದು ನೋಡಿ ಇಳಿಸೇನ್ರೆಪಾ" ಎಂದ ಬುರಾನಸಾಬ.

"ಮತ್ತ ಬಸಣ್ಣ ಯಾರದು ನೋಡಿ ಇಳಿಸಿದಾ?"

ಎಲ್ಲರೂ ಎದ್ದು ಭಾಂಡೆ ಅಂಗಡಿಗೆ ಹೋಗಿ ಶಟರಿನ ಕೆಳಗೆ ಬಾಗಿ ನುಗ್ಗಿದರು. ಚಪ್ಪಲಿ ಇತ್ತು, ಚಾಳೀಸು ಇತ್ತು, ಮಾಲೀಕನಿರಲಿಲ್ಲ. ಹಂಡೆಗಳ ಹಿಂದೆ ಕುಡಿದು ಬಿಟ್ಟ ಗಂಜಿ. ನೀಲಪ್ಪ ಅದರಲ್ಲಿ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡ. ಅವನ ಮುಖ ಬಿಳಿಚಿತು.

"ಉಪ್ಪಿಲ್ಲ, ಖಾರಿಲ್ಲ... ಎಪ್ಪಾ, ಇದನ್ನ ಬದುಕೂ ಮನಷ್ಯಾ ಕುಡ್ಯಾಂಗಿಲ್ರೀ! ಇದು ಕಡೀ ಗಂಜಿ!"

"ಮುಂಜಾನೆ ಲ್ಯಾಬಿನ ಮುಂದ ನನಗ ಗಂಟಬಿದ್ದಿದ್ದ" ಎಂದ ಸೋಮಪ್ಪ ಮೆಲ್ಲಗೆ. "ತೋಳಿಗೆ ಹತ್ತಿ ಒತ್ತಿ ಹಿಡಕೊಂಡಿದ್ದ. ಏನೋ ಬಸಣ್ಣಾ ಅಂದ್ರ, ಸಂಜಿಗೆ ಎಲ್ಲಾ ಗೊತ್ತಾಗತೈತ್ರಿ ಅಂದಾ."

"ಸಂಜೀತನಾ ತಡೀಲಿಲ್ಲಲ್ರೀ!" ಎಂದು ಬುರಾನಸಾಬ ಟೇಪಿನ ತುದಿಯಿಂದ ಕಣ್ಣೊರೆಸಿಕೊಂಡ.

ಆಗಿನ್ನೂ ಎಲ್ಲರ ಕಿಸೆಗೆ ಮೊಬೈಲು ಬಂದಿರಲಿಲ್ಲ. ಸೋಮಪ್ಪ ಅಂಗಡಿಯ ಫೋನಿನಿಂದ ಬಸವಲಿಂಗಪ್ಪನ ಮನೆಗೆ ಹಚ್ಚಿದ. ಗಂಟೆ ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ನಾಗರತ್ನಾ ಆಗ ಗಿರಣಿಯಲ್ಲಿ ಜೋಳ ಬೀಸಿಸಲು ಪಾಳಿ ಹಚ್ಚಿದ್ದಳು. ಅದು ಇವರಿಗೇನು ಗೊತ್ತು? "ದವಾಖಾನಿಗೆ ಒಯ್ದಿರಬೇಕು" ಎಂದು ಒಬ್ಬನೆಂದರೆ, "ದವಾಖಾನಿಯಿಂದ ತರಾಕ ಹತ್ತಿರಬೇಕು" ಎಂದು ಇನ್ನೊಬ್ಬ ತಿದ್ದಿದ. ನೇಸರಗಿಯಲ್ಲಿದ್ದ ಸೋದರತ್ತೆ ಸಿದ್ದಲಿಂಗವ್ವನಿಗೆ ಫೋನು ಹೋಯಿತು. ಹೂವಿನವನಿಗೆ ದೊಡ್ಡ ಹಾರ ಹೇಳಿಯಾಯಿತು.

ನೀಲಪ್ಪ ಮಾತ್ರ ಆ ಗಂಜಿ ಡಬ್ಬಿಯ ಮುಂದೆ ಕುಕ್ಕರಿಸಿಬಿಟ್ಟಿದ್ದ. "ನಾನ ಕೊಂದೆ. ಇಪ್ಪತ್ತ ವರ್ಷ ಈ ಕೈಯಿಂದ ಕರಕರದು ಹಾಕಿ ಕೊಂದೆ. ಬ್ಯಾಡಂದ್ರೂ ಮ್ಯಾಲೊಂದು ಹಾಕ್ತಿದ್ದೆ" ಎನ್ನುತ್ತಿದ್ದ. ಆಮೇಲೆ ತಲೆಯ ಮೇಲೆ ಟವೆಲ್ಲು ಹೊದ್ದು ಎಲ್ಲಿಗೋ ಎದ್ದುಹೋದ. ಆ ಗದ್ದಲದಲ್ಲಿ ಅವನನ್ನು ಯಾರೂ ಗಮನಿಸಲಿಲ್ಲ.

ಇತ್ತ ಬಸವಲಿಂಗಪ್ಪ ಎರಡು ತಾಸಿನಲ್ಲಿ ಒಳ್ಳೆಯ ವ್ಯಾಪಾರ ಕುದುರಿಸಿ, ಗೌಡರನ್ನು ದೊಡ್ಡ ರಸ್ತೆಯವರೆಗೆ ಕಳಿಸಿ, ಓಣಿಯ ಮುಂಬದಿಯಿಂದ ಹೊರಳಿದ. ಚಾಳೀಸಿಲ್ಲದ ಕಣ್ಣಿಗೂ ಇಳಿದ ಶಟರುಗಳು ಕಂಡವು. ಯಾರೋ ಹೋದರು ಅಂದುಕೊಂಡ. ತನ್ನ ಶಟರು ಮೊದಲೇ ಅರ್ಧಕ್ಕಿದ್ದದ್ದು ನೋಡಿ, ಮರ್ಯಾದೆ ಉಳಿಯಿತೆಂದು ಸಮಾಧಾನಪಟ್ಟು, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಎದುರಿಗೆ ಗುರುತಿಲ್ಲದ ಹಳ್ಳಿಯವನೊಬ್ಬ ಹೋಗುತ್ತಿದ್ದ. "ಯಾರಪಾ?" ಎಂದು ಬಸವಲಿಂಗಪ್ಪ ಕೇಳಿದ.

"ಯಾವನೋ ಭಾಂಡೆ ಸಾವಕಾರ ಅಂತ್ರೀ. ಹಾರ್ಟ್ ಅಂತ. ಮಂದಿ ಎಲ್ಲಾ ಅವನ ಮನಿ ಕಡೆನ ಹೊಂಟಾರ."

ಊರಲ್ಲಿ ಇನ್ನೊಂದೇ ಭಾಂಡೆ ಅಂಗಡಿ. ಮೇಲಿನ ಪೇಟೆಯ ನಿಜಗುಣಪ್ಪನದು. ಬಸವಲಿಂಗಪ್ಪನಿಗೆ ನಿಜಕ್ಕೂ ಕೆಟ್ಟದೆನಿಸಿತು. ಕೆಟ್ಟದೆನಿಸುವುದರ ಜೊತೆಗೇ, ನಿಜಗುಣಪ್ಪನ ಮದುವೆ ಗಿರಾಕಿಗಳು ಇನ್ನು ಯಾರ ಹತ್ತಿರ ಬಂದಾರು ಎಂಬ ವಿಚಾರವೂ ಬಂತು. ಛೇ ಎಂದು ಅದನ್ನು ಅತ್ತ ನೂಕಿ ಆ ಹಳ್ಳಿಯವನ ಜೊತೆ ಹೆಜ್ಜೆ ಹಾಕಿದ.

"ಒಳ್ಳ್ಯಾವ ಇದ್ನೇನ್ರೀ?" ಎಂದು ಹಳ್ಳಿಯವನು ಕೇಳಿದ.

"ರೇಟ್ ಜರಾ ಜಾಸ್ತಿ ಹೇಳ್ತಿದ್ದ. ಉಳಿದಂಗ ಒಳ್ಳ್ಯಾವ. ಬಾಯಿ ಕಟ್ಟಲಿಲ್ಲ ನೋಡಪಾ, ಅದಕ್ಕ ಹಿಂಗಾತು. ಓಟ್ಸ್ ತಿಂದಿದ್ರ ಉಳೀತಿದ್ದ."

ಜನದ ಹಿಂದೆ ನಡೆಯುತ್ತ ತನ್ನ ಮನೆಯ ಸಂದಿಯೇ ಬಂದಿತು. ನಿಜಗುಣಪ್ಪನ ಬೀಗರು ಯಾರೋ ಇಲ್ಲಿರಬೇಕೆಂದುಕೊಂಡ. ಮುಂದೆ ಗುಂಪು ಕಟ್ಟಿದ ಮಂದಿ, ಕಟ್ಟೆಯ ಮೇಲೆ ಹಾರ ಹಿಡಿದ ಯಾರೋ, ನಡುವೆ ಹೆಂಗಸೊಬ್ಬಳ ಹಾಡ್ಯಾಡಿ ಅಳುವ ರಾಗ.

"ಬಂಗಾರದ ಕೊಡಾ ಒಡದ್ಹೋತಲ್ಲೋ... ನನ್ನಪ್ಪಾ... ಹಂಡೇದಂಥಾ ಎದೀ ಇತ್ತಲ್ಲೋ... ಸೋದರತ್ತಿಗೆ ತಾಮ್ರದ ತಪೇಲಿ ಕೊಡತೇನಂದಿದ್ದೆಲ್ಲೋ... ಕೊಡದ ಹ್ವಾದೆಲ್ಲೋ..."

ದನಿ ಪರಿಚಯದ್ದು. ತಪೇಲಿಯಂತೂ ಇನ್ನೂ ಪರಿಚಯದ್ದು. ಬಸವಲಿಂಗಪ್ಪ ಗುಂಪಿನ ಹಿಂದಿನಿಂದಲೇ, ರೂಢಿಬಲದಿಂದ, "ಅತ್ತೀ, ಮುಂದಿನ ತಿಂಗಳ ಕೊಡತೇನಂತ ಹೇಳೇನೆಲ್ಲಾ" ಅಂದ.

ಸಿದ್ದಲಿಂಗವ್ವನೂ ರೂಢಿಬಲದಿಂದ, ರಾಗ ಮುರಿಯದೆ, "ಮುಂದಿನ ತಿಂಗಳಂತ ಮೂರ ವರ್ಷಾತಲ್ಲೋ..." ಎಂದು ಎಳೆದು, ತಲೆ ಎತ್ತಿ ನೋಡಿದಳು. ನೋಡಿದವಳೇ ಕಿಟ್ಟನೆ ಕಿರುಚಿದಳು. ಹಾರ ಹಿಡಿದವನು ಹಾರ ಬಿಟ್ಟ. ಬುರಾನಸಾಬ ಸೋಮಪ್ಪನನ್ನು ಅಪ್ಪಿಕೊಂಡ. ಅವರಿಬ್ಬರು ಮನೆಗಳ ನಡುವಿನ ಗೋಡೆಯ ತಂಟೆಯಿಂದ ಒಂದು ವರ್ಷ ಸರಿಯಾಗಿ ಮಾತಾಡಿರಲಿಲ್ಲ.

ಅಷ್ಟರಲ್ಲಿ ನಾಗರತ್ನಾ ಹಿಟ್ಟಿನ ಡಬ್ಬಿ ಟೊಂಕಕ್ಕಿಟ್ಟುಕೊಂಡು ಬಂದಳು. ಹುಬ್ಬು ಮುಂಗುರುಳೆಲ್ಲ ಹಿಟ್ಟಾಗಿ ಬೆಳ್ಳಗಾಗಿದ್ದವು. ಗಂಡನನ್ನು ನೋಡಿದಳು, ಹಾರ ನೋಡಿದಳು, ಸಿದ್ದಲಿಂಗವ್ವನನ್ನು ನೋಡಿದಳು.

"ಯಾರಿಗ್ರೀ ಇದು?"

ಎಲ್ಲರೂ ಬಸವಲಿಂಗಪ್ಪನ ಮುಖ ನೋಡಿದರು. ಬಸವಲಿಂಗಪ್ಪನಿಗೆ ಆಗ ತಿಳಿಯಿತು. ಕೈಯಲ್ಲಿದ್ದ ಟೊಪ್ಪಿಗೆಯನ್ನು ತಲೆಗೆ ಹಾಕಿಕೊಂಡು ತನ್ನ ಕಟ್ಟೆಯ ಮೇಲೆ ತಾನೇ ಕೂತ.

"ಬಾಳೇವು ಮಾಡೂ ಮನಿ ಮುಂದ ಹಾರಾ ತರತೀರಿ? ನಾ ಜ್ವಾಳಾ ಬೀಸ್ಕೊಂಡ ಬರೂದ್ರಾಗ ನನ್ನ ಗಂಡನ್ನ ಮಣ್ಣಾಗ ಇಡಾಕ ನಿಂತೀರೆಲ್ಲಾ!" ನಾಗರತ್ನಾಳ ಬಾಯಿಗೆ ಸೋಮಪ್ಪನೇ ಮೊದಲು ಸಿಕ್ಕ.

ಸೋಮಪ್ಪ ಆ ಬಿಸಿಯನ್ನು ಬಸವಲಿಂಗಪ್ಪನತ್ತ ತಿರುಗಿಸಿದ. "ನಿನ್ನ ಗಂಡನ್ನ ಕೇಳವಾ ತಂಗಿ. ಸಂತಿ ದಿನಾ ಇಡೀ ಓಣಿ ವ್ಯಾಪಾರ ಹಾಳ ಮಾಡ್ಯಾನ. ಏ ಬಸಣ್ಣಾ, ಶಟರ್ ಯಾಕ ಇಳಿಸಿದ್ಯೋ?"

ಬಸವಲಿಂಗಪ್ಪ ನೆಲ ನೋಡುತ್ತ, "ಓಟ್ಸ್ ತಿನ್ನಾಕ್ರೀ" ಎಂದ.

ಬುರಾನಸಾಬನ ಹೊಟ್ಟೆ ಮೊದಲು ಕುಲುಕಿತು. ಆಮೇಲೆ ಕಟ್ಟೆ, ಸಂದಿ, ಎದುರು ಮನೆಯ ಮಾಳಿಗೆ, ಎಲ್ಲ ಕಡೆ ನಗೆ ಎದ್ದಿತು. ಸೋಮಪ್ಪ ಸಿಟ್ಟಿನಲ್ಲೇ ನಕ್ಕ. ನಾಗರತ್ನಾ ನಗಲಿಲ್ಲ. ಗಂಡನನ್ನು ಹೊಸ್ತಿಲಲ್ಲಿ ನಿಲ್ಲಿಸಿ ಉಪ್ಪು ಮೆಣಸಿನಕಾಯಿಯಿಂದ ದೃಷ್ಟಿ ತೆಗೆದು ಒಲೆಗೆ ಹಾಕಿದಳು. ಆ ಘಾಟಿಗೆ ಅಳುವವರು ನಗುವವರು ಒಟ್ಟಿಗೆ ಕೆಮ್ಮಿದರು. ಸಿದ್ದಲಿಂಗವ್ವ ತಾಮ್ರದ ತಪೇಲಿ ಕೈಗೆ ಬರುವ ತನಕ ನೇಸರಗಿಗೆ ಹೋಗುವುದಿಲ್ಲವೆಂದು ಪಡಸಾಲೆಯಲ್ಲಿ ಕೂತಳು. ಬಸವಲಿಂಗಪ್ಪ ಅದನ್ನು ತರಿಸಿ ಕೊಟ್ಟ. ಸತ್ತು ಬದುಕಿದವನು ತಪೇಲಿಗೆ ಹಿಂದೆಮುಂದೆ ನೋಡಬಾರದು.

ಸಂಜೆ ಅವನು ಹೆದರುತ್ತಲೇ ಲ್ಯಾಬಿಗೆ ಹೋದ. ಬೆಳಗಿನಿಂದ ಆದದ್ದಕ್ಕೆಲ್ಲ ರಕ್ತ ಕೆಟ್ಟೇ ಹೋಗಿರಬೇಕೆಂದು ಅವನ ಅಂದಾಜು. ರಕ್ತವನ್ನು ಅದಕ್ಕೂ ಮೊದಲೇ ಕೊಟ್ಟಾಗಿತ್ತೆಂಬುದು ನೆನಪಿಗೆ ಬರಲಿಲ್ಲ. ಲ್ಯಾಬಿನವನು ರಿಪೋರ್ಟು ತಿರುವಿ, "ನೂರಾ ತೊಂಬತ್ನಾಕ್ರೀ ಸಾವಕಾರ್ರ. ಭಾಳ ಛಲೋ ಇಳದೈತಿ" ಅಂದ.

ನಾಗರತ್ನಾ ಬೆಳಗಾವಿಯ ಡಾಕ್ಟರರಿಗೆ ಫೋನು ಹಚ್ಚಿ ಅವರ ಬಾಯಿಂದಲೇ ಕೇಳಿಕೊಂಡಳು. ಓಟ್ಸು, ನಡಿಗೆ ಬಿಡಬೇಡಿ, ಯಾವಾಗಾದರೊಮ್ಮೆ ಸ್ವಲ್ಪ ಕರಿದದ್ದು ತಿಂದರೆ ಅಡ್ಡಿಯಿಲ್ಲ ಎಂದರಂತೆ. ಆಕೆ ಫೋನಿಟ್ಟು ಗಂಡನನ್ನು ಬಹಳ ಹೊತ್ತು ನೋಡಿದಳು. ಇಡೀ ದಿನದಲ್ಲಿ ಮೊದಲ ಸಲ ಅವಳ ಕಣ್ಣು ತುಂಬಿದವು.

"ಹೋಗ್ರಿ. ಒಂದ ತಾಟ. ತಾಟಿನ ಮ್ಯಾಲೊಂದು ಅಂದ್ರ ನೋಡ್ರಿ ಮತ್ತ."

ಬಸವಲಿಂಗಪ್ಪ ಮಡಿಚಿಟ್ಟಿದ್ದ ಧೋತರ ಉಟ್ಟು, ಟೊಪ್ಪಿಗೆ ಸರಿ ಮಾಡಿಕೊಂಡು, ಹೆಣ್ಣು ನೋಡಲು ಹೊರಟವನಂತೆ ಹೊರಟ. ಎರಡು ತಿಂಗಳ ಮೇಲೆ ಮೊದಲ ಸಲ ಹತ್ತಿ ಮಿಲ್ಲನ್ನು ಸುತ್ತದೆ ನೇರ ಮೂಲೆಗೆ ನಡೆದ. ನಡೆಯುತ್ತ ಎಳೆದ ಉಸಿರಿಗೆ ಎಣ್ಣೆಯ ವಾಸನೆ ಮಾತ್ರ ಬರಲಿಲ್ಲ.

ನೀಲಪ್ಪನ ಒಲೆ ತಣ್ಣಗಿತ್ತು. ಬಾಣಲೆಯಿದ್ದ ಜಾಗದಲ್ಲಿ ಬಾಣಲೆ ಇರಲಿಲ್ಲ. ಎದುರಿನ ಬೆಂಚಿನ ಮೇಲೆ ನಾಲ್ಕಾರು ಹಳೆಯ ಗಿರಾಕಿಗಳು ಮುಖ ಇಳಿಬಿಟ್ಟುಕೊಂಡು ಕೂತಿದ್ದರು. ಬಸವಲಿಂಗಪ್ಪನನ್ನು ಕಂಡು ಅವರು ಒಂದು ನಮೂನೆ ನೋಡಿದರು. ಒಳಗಿನಿಂದ ಹಣೆತುಂಬ ಅರಿಸಿನದ ಭಂಡಾರ ಬಡಿದುಕೊಂಡ ನೀಲಪ್ಪ ಓಡಿಬಂದು ಕಾಲಿಗೇ ಬಿದ್ದ.

"ಬಂದ್ರಿ! ಉಧೋ ಎಲ್ಲಮ್ಮಾ! ತಾಯಿ ಕಳಿಸಿಕೊಟ್ಲು ನಿಮ್ಮನ್ನ!"

"ಏಳೋ ನೀಲಪ್ಪಾ. ಯಾರೂ ಕಳಿಸಿಲ್ಲ. ನಾ ಗೋದಾಮಿನ್ಯಾಗ ಇದ್ದೆ. ಒಂದ ತಾಟ ಮಿರ್ಚಿ ಹಾಕು."

ನೀಲಪ್ಪ ಕೈಮುಗಿದು ನಿಂತ. "ಆಗೂದಿಲ್ರೀ ಸಾವಕಾರ್ರ. ನೀವು ಹೋದ್ರಿ ಅಂದಕೂಡ್ಲೆ ನಾ ಸವದತ್ತಿ ಬಸ್ ಹತ್ತಿದೆ. ಗುಡ್ಡದಾಗ ತಾಯಿ ಮುಂದ ಬಿದ್ದು ಹರಕಿ ಹೊತ್ತೆ. ಯವ್ವಾ, ನನ್ನ ಕೈಲೆ ಹೋದ ಜೀವಾ ತಿರಗಿ ಕೊಡು, ಇನ್ನ ಈ ಜನ್ಮದಾಗ ಎಣ್ಣಿಯಾಗ ಮೆಣಸಿನಕಾಯಿ ಬಿಡೂದಿಲ್ಲ ಅಂದೆ. ಬಾಣಲಿನೂ ಅಲ್ಲೇ ಒಪ್ಪಿಸಿ ಬಂದೆ. ಇಳದು ಬರೂದ್ರಾಗ ಬಸ್‌ಸ್ಟ್ಯಾಂಡಿನ್ಯಾಗ ಸುದ್ದಿ, ಸಾವಕಾರ್ರು ಎದ್ದ ಬಂದ್ರು ಅಂತ!"

"ಎದ್ದ ಬರಾಕ ನಾ ಸತ್ತಿದ್ದಿಲ್ಲೋ ಮಾರಾಯಾ!"

"ನೀವ ಹಂಗ ಅಂತೀರಿ. ಸತ್ತವರಿಗೆ ತಾವ ಸತ್ತದ್ದು ಏನ್ ಗೊತ್ತಿರತೈತ್ರಿ?"

ಬೆಂಚಿನ ಮೇಲಿದ್ದವರು ಹೌದೆಂದು ತಲೆಯಾಡಿಸಿದರು.

"ಹೊಸಾ ಬಾಣಲಿ ನಾ ಕೊಡತೇನಿ. ಪುಕಟ" ಎಂದ ಬಸವಲಿಂಗಪ್ಪ. ಪುಕಟ ಎಂಬ ಮಾತು ಆ ಬಾಯಿಂದ ಓಣಿಯಲ್ಲಿ ಯಾರೂ ಕೇಳಿರಲಿಲ್ಲ.

ನೀಲಪ್ಪ ಎರಡೂ ಕಿವಿ ಮುಟ್ಟಿಕೊಂಡ. "ನಾ ಮಾತ ತಪ್ಪಿ ಒಂದ ಮಿರ್ಚಿ ಕರದ್ನಂದ್ರ ತಾಯಿ ಕೊಟ್ಟ ಜೀವಾ ತಿರಗಿ ಇಸಕೊಂತಾಳ್ರೀ. ಯಾರ ಜೀವಾ? ನಿಮ್ಮದ! ಅಕ್ಕಾರ ಮುಂದ ನಾ ಏನಂತ ನಿಂದರ್ಲಿ?"

ಹೆಂಡತಿಯ ನೆನಪಾದದ್ದೇ ಬಸವಲಿಂಗಪ್ಪ ಬಾಣಲೆಯ ಮಾತು ಬಿಟ್ಟ. ಈ ಹರಕೆಯ ಸುದ್ದಿ ನಾಗರತ್ನಾಳ ಕಿವಿಗೆ ಬಿದ್ದರೆ, ಮಿರ್ಚಿ ಕರಿಯುವ ಊರಿಗೂ ಆಕೆ ಅವನನ್ನು ಕಳಿಸುವವಳಲ್ಲ.

"ಚಿಂತೀ ಮಾಡಬ್ಯಾಡ್ರಿ, ಅಂಗಡಿ ಏನ್ ಮುಚ್ಚೂದಿಲ್ಲ" ಎಂದ ನೀಲಪ್ಪ ಉತ್ಸಾಹದಿಂದ. "ನಿಮ್ಮನ್ನ ಉಳಿಸಿದ್ದು ಒಂದು ತಾಯಿ, ಇನ್ನೊಂದು ಆ ಗಂಜಿ. ಬರೋವಾಗ ಔಷಧ ಅಂಗಡ್ಯಾಗ ಇದ್ದ ಅಷ್ಟೂ ಪಾಕೀಟು ತಂದೇನಿ. ಇನ್ನ ಮ್ಯಾಲ ಇಲ್ಲಿ ಬರೇ ಓಟ್ಸ್. ಮೊದಲನೇ ತಾಟ ನಿಮ್ಮದ. ಬ್ಯಾಡಂದ್ರ ನನ್ನ ಹರಕಿಗೆ ಅಪಚಾರ."

ಬಸವಲಿಂಗಪ್ಪ ಬೆಂಚಿನ ಮೇಲೆ ಕೂತು, ಇಪ್ಪತ್ತು ವರ್ಷ ಮಿರ್ಚಿ ತಿಂದ ತಾಟಿನಲ್ಲೇ, ಅಂದಿನ ಎರಡನೆಯ ಗಂಜಿ ಕುಡಿದ. ನೀಲಪ್ಪ ಬೇಡವೆಂದರೂ ಮೇಲೊಂದು ಸೌಟು ಹಾಕಿದ.

ತಿರುಗಿ ಬರುವಾಗ ಅವನು ಮನೆಗೆ ಹೋಗಲಿಲ್ಲ. ಅಂಗಡಿಗೆ ಬಂದು ದೀಪ ಹಚ್ಚಿ, ಗಾದಿಯ ಮೇಲೆ ಸ್ವಲ್ಪ ಹೊತ್ತು ಕೂತ. ಎದೆ ಹಗುರಾಗಿತ್ತು, ರಿಪೋರ್ಟು ಕಿಸೆಯಲ್ಲಿತ್ತು, ಊರೆಲ್ಲ ಒಂದು ಹೊತ್ತು ಅವನಿಗಾಗಿ ಅತ್ತಿತ್ತು. ಇಷ್ಟೆಲ್ಲ ಇದ್ದೂ ಎದ್ದುಹೋಗಿ ಶಟರನ್ನು ಅರ್ಧಕ್ಕೆ ಎಳೆದ.

ಎದುರಿಗೆ ಬುರಾನಸಾಬ ಅದನ್ನು ನೋಡಿದ. ಮರ್ಯಾದಸ್ಥನಾದ್ದರಿಂದ ಒದರಿ ಕೇಳಲಿಲ್ಲ. ಮೊದಲು ತನ್ನ ಶಟರನ್ನು ಅರ್ಧ ಇಳಿಸಿ, ಆಮೇಲೆ ಓಣಿ ದಾಟಿ ಬಂದು, ಬಾಗಿ, ಮೆಲ್ಲಗೆ ವಿಚಾರಿಸಿದ.

"ಬಸಣ್ಣಾ, ಈ ಸಲ ಖರೇನ ಯಾರರೆ ಹೋದ್ರೇನು?"

"ಹೂಂ" ಎಂದ ಬಸವಲಿಂಗಪ್ಪ. "ನೀಲಪ್ಪನ ಮಿರ್ಚಿ ಭಜಿ."

ಬುರಾನಸಾಬ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು, ಬಸಣ್ಣನ ಮಗ್ಗುಲಿಗೆ ಕೂತ. ಪಕ್ಕದಲ್ಲಿ ಸೋಮಪ್ಪನ ಶಟರು ಗರಗರ ಇಳಿಯುವುದು ಕೇಳಿಸಿತು.